ಹಿಗಿನ್ಸ್ ಮನೆಗೆ ಎಲೈಜಾ ಯಾಕೆ ವಾಪಸ್ ಬಂದಳು?

ಪ್ರಶ್ನೆ: ಮೊನ್ನೆ ಮಗಳ ಜೊತೆ ಕೂತು 'ಮೈ ಫೇರ್ ಲೇಡಿ' ಸಿನಿಮಾ ನೋಡಿದೆ. ಬೀದಿಯಲ್ಲಿ ಹೂವು ಮಾರುವ ಎಲೈಜಾಗೆ ಭಾಷೆಯ ಪ್ರೊಫೆಸರ್ ಹಿಗಿನ್ಸ್ ದೊಡ್ಡಮನೆಯವರ ಹಾಗೆ ಮಾತಾಡೋಕೆ ಕಲಿಸುವ ಕಥೆ. ಅವಳಿಗೆ 17 ವರ್ಷ. ಅಷ್ಟುದ್ದದ ಸಿನಿಮಾವನ್ನು ಖುಷಿಯಾಗಿಯೇ ನೋಡಿದಳು. ಕೊನೆಯಲ್ಲಿ ಹಿಗಿನ್ಸ್ "ನನ್ನ ಚಪ್ಪಲಿ ಎಲ್ಲಿ ಹಾಳಾಗಿಹೋದವು?" ಅಂದ ತಕ್ಷಣ ರಿಮೋಟ್ ಎಸೆದು ಎದ್ದು ಹೋದಳು. "ಅಷ್ಟೆಲ್ಲ ಕಲಿತು, ಅಷ್ಟೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಹೋದವಳು ಅವನ ಚಪ್ಪಲಿ ಹುಡುಕೋಕೆ ವಾಪಸ್ ಬಂದಳಾ?" ಅನ್ನುತ್ತಾಳೆ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮೂಲ ನಾಟಕದಲ್ಲೂ ಹೀಗೇ ಇದೆಯಾ? ಕೊನೆಗೆ ಅವರಿಬ್ಬರಿಗೂ ಮದುವೆ ಆಯಿತು ಅಂದುಕೊಳ್ಳಬೇಕಾ?

ಉತ್ತರ: ಈ ಕೊನೆಗೆ ರೇಗಿದವರಲ್ಲಿ ನಿಮ್ಮ ಮಗಳು ಮೊದಲನೆಯವಳಲ್ಲ. ಎಲ್ಲರಿಗಿಂತ ಮೊದಲು ರೇಗಿದವರು ಕಥೆ ಬರೆದ ಜಾರ್ಜ್ ಬರ್ನಾರ್ಡ್ ಶಾ ಅವರೇ. ಅದೂ 1914ರಲ್ಲಿ, ಈ ಸಿನಿಮಾ ಬರುವುದಕ್ಕೆ 50 ವರ್ಷ ಮುಂಚೆ. ಆ ಜಗಳದ ಕಥೆ ಚೆನ್ನಾಗಿದೆ, ಹೇಳುತ್ತೇನೆ. ಆದರೆ ಮೊದಲು ಸೀನನ್ನೇ ಇನ್ನೊಂದು ಸಲ ನೋಡೋಣ. ಎಲ್ಲರಿಗೂ ನೆನಪಿರುವುದು ಚಪ್ಪಲಿಯ ಡೈಲಾಗು ಒಂದೇ. ಅದಕ್ಕೆ ಸ್ವಲ್ಪ ಮುಂಚೆ ಎಲೈಜಾ ಒಂದು ಮಾತು ಹೇಳುತ್ತಾಳೆ. ಆ ಮಾತು ತಪ್ಪಿಹೋದರೆ ಇಡೀ ಕೊನೆಯೇ ತಪ್ಪಿಹೋಗುತ್ತದೆ.

ಹಿಗಿನ್ಸ್ ತನ್ನ ತಾಯಿಯ ಮನೆಯಿಂದ ನಡೆದುಕೊಂಡು ವಿಂಪೋಲ್ ಸ್ಟ್ರೀಟಿನ 27ಎ ನಂಬರಿನ ಮನೆಗೆ ಬರುತ್ತಾನೆ. ಮನೆ ಖಾಲಿ. ಪಾಠ ಮಾಡುತ್ತಿದ್ದ ಕೋಣೆಗೆ ಹೋಗಿ, ಧ್ವನಿ ಮುದ್ರಿಸುವ ಯಂತ್ರ ಹಾಕಿ ಕೂರುತ್ತಾನೆ. ಎಲೈಜಾ ಮೊದಲ ದಿನ ಆ ಮನೆಗೆ ಬಂದಾಗ ಅವನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದ ಮಾತುಗಳವು. ಅದರಲ್ಲಿ ಅವಳ ದನಿ ಇದೆ. ಅವನ ದನಿಯೂ ಇದೆ. ಅವನು ಅವಳನ್ನು ಕೊಳಕಿ ಅನ್ನುತ್ತಾನೆ. ಅವಳು ನಾನೇನು ಕೊಳಕಿ ಅಲ್ಲ, ಮುಖ ಕೈ ತೊಳೆದುಕೊಂಡೇ ಬಂದಿದ್ದೇನೆ ಅನ್ನುತ್ತಾಳೆ. ಹಿಗಿನ್ಸ್ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಾನೆ. ಎಲೈಜಾ ಸದ್ದಿಲ್ಲದೆ ಒಳಗೆ ಬರುತ್ತಾಳೆ. ಸ್ವಲ್ಪ ಹೊತ್ತು ಕೇಳುತ್ತಾಳೆ. ಯಂತ್ರ ಆರಿಸುತ್ತಾಳೆ. ಆಮೇಲೆ ಅದೇ ಮಾತನ್ನು, ಅದೇ ಹಳೆಯ ಬೀದಿ ಭಾಷೆಯಲ್ಲಿ, ಮೆಲ್ಲಗೆ ತಾನೇ ಹೇಳುತ್ತಾಳೆ.

ಕನ್ನಡದಲ್ಲಿ ಹೇಳುವುದಾದರೆ "ಮಕ ಕೈ ತೊಳ್ಕಂಡೇ ಬಂದಿವ್ನಿ" ಅನ್ನುವ ಥರದ ಮಾತು ಅದು. ಇಂಗ್ಲಿಷಿನಲ್ಲಿ ವ್ಯಾಕರಣ ತಪ್ಪಿದೆ. ತಪ್ಪಿರುವುದು ಅವಳಿಗೂ ಗೊತ್ತು. ರಾಯಭಾರಿ ಕಚೇರಿಯ ನೃತ್ಯಕೂಟದಲ್ಲಿ ರಾಜಮನೆತನದವಳು ಅನ್ನಿಸಿಕೊಂಡು ಬಂದವಳಿಗೆ ಅಷ್ಟು ಗೊತ್ತಿರುವುದಿಲ್ಲವೇ? ಬೇಕಂತಲೇ ಹೇಳುತ್ತಿದ್ದಾಳೆ. ಈಗ ಅವಳ ಹತ್ತಿರ ಎರಡು ಭಾಷೆ ಇದೆ. ಯಾವುದು ಬೇಕೋ ಅದನ್ನು ಆಡಬಲ್ಲಳು. ಹಿಗಿನ್ಸ್ ಹತ್ತಿರ ಇರುವುದು ಒಂದೇ.

ಯಂತ್ರ ಆರಿಸಿದಾಗ ನಿಂತದ್ದು ಅವಳ ಹಳೆಯ ದನಿ ಮಾತ್ರ ಅಲ್ಲ, ಅವಳನ್ನು ಕೊಳಕಿ ಅಂದ ಅವನ ದನಿಯೂ ನಿಂತಿತು. ಇದನ್ನು ನಾನು ಮೂರನೇ ಸಲ ನೋಡಿದಾಗ ಗಮನಿಸಿದೆ. ಅದಕ್ಕೂ ಮುಂಚೆ ನನಗೂ ನಿಮ್ಮ ಮಗಳ ಸಿಟ್ಟೇ ಇತ್ತು. ಅಲ್ಲಿಯವರೆಗೂ ಎಲೈಜಾಳ ದನಿ ಅಂದರೆ ಹಿಗಿನ್ಸ್ ಮನೆಯ ಸಾಮಾನು. ಬೇಕಾದಾಗ ಹಾಕುತ್ತಾನೆ, ಸಾಕಾದಾಗ ನಿಲ್ಲಿಸುತ್ತಾನೆ. ಮೊದಲ ಸಲ ಆ ಯಂತ್ರಕ್ಕೆ ಅವಳು ಕೈ ಹಾಕಿದಳು.

ಇನ್ನೊಂದು ವಿಷಯ. ಮುಖ ಕೈ ತೊಳೆದುಕೊಂಡು ಬಂದೆ ಅನ್ನುವುದು ಅವಳು ಆ ಮನೆಗೆ ಮೊದಲ ಸಲ ಬಂದಾಗಿನ ಮಾತು. ಆವತ್ತು ಅವಳನ್ನು ಯಾರೂ ಕರೆದಿರಲಿಲ್ಲ. ಹಿಂದಿನ ರಾತ್ರಿ ಲಂಡನ್ನಿನ ಕೋವೆಂಟ್ ಗಾರ್ಡನ್ ಮಾರುಕಟ್ಟೆಯಲ್ಲಿ ಅವನು ಜಂಬ ಕೊಚ್ಚಿಕೊಂಡದ್ದನ್ನು ಕೇಳಿಸಿಕೊಂಡು, ವಿಳಾಸ ನೆನಪಿಟ್ಟುಕೊಂಡು ತಾನಾಗಿ ಬಂದಳು. ಬೇಡೋಕೆ ಬಂದದ್ದಲ್ಲ. ಫೀಸು ಕೊಡುತ್ತೇನೆ, ಪಾಠ ಹೇಳಿಕೊಡು ಅನ್ನೋಕೆ ಬಂದದ್ದು. ಪಾಠಕ್ಕೆ ಒಂದು ಶಿಲ್ಲಿಂಗ್ ಅಂತ ರೇಟನ್ನೂ ಅವಳೇ ಹೇಳಿದಳು. ಹೂವಿನ ಅಂಗಡಿಯಲ್ಲಿ ಕೆಲಸ ಸಿಗಬೇಕು, ಅದಕ್ಕೆ ಮಾತು ಸರಿಹೋಗಬೇಕು. ಅವಳ ಲೆಕ್ಕ ಅಷ್ಟೇ. ಕೊನೆಯ ಸೀನಿನಲ್ಲಿ ಅವಳು ಎರಡನೇ ಸಲ ತಾನಾಗಿಯೇ ಆ ಮನೆಗೆ ಬರುತ್ತಾಳೆ. ಮೊದಲ ದಿನದ ಮಾತನ್ನೇ ಹೇಳಿ ಅದನ್ನು ಅವನಿಗೆ ನೆನಪಿಸುತ್ತಾಳೆ. ನೀನು ನನ್ನನ್ನು ಬೀದಿಯಿಂದ ಎತ್ತಿ ತಂದವನಲ್ಲ, ನಾನೇ ಬಂದವಳು, ಬರುವಾಗಲೇ ಮುಖ ತೊಳೆದಿದ್ದೆ ಅಂತ.

ಇದಾದ ಮೇಲೆ ಚಪ್ಪಲಿಯ ಮಾತು. ಈ ಚಪ್ಪಲಿಗೂ ಒಂದು ಹಿಂದಿನ ಕಥೆ ಇದೆ.

ಇದು ಬೀದಿಯಲ್ಲಿ ಮೆಟ್ಟುವ ಚಪ್ಪಲಿ ಅಲ್ಲ, ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆಯದು. ನೃತ್ಯಕೂಟ ಮುಗಿಸಿ ಬಂದ ರಾತ್ರಿ ನೆನಪಿಸಿಕೊಳ್ಳಿ. ಹಿಗಿನ್ಸ್ ಮತ್ತು ಅವನ ಸ್ನೇಹಿತ ಕರ್ನಲ್ ಪಿಕರಿಂಗ್ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಹಾಡುತ್ತಾರೆ. ಮನೆಯ ಆಳುಗಳು ಕೂಡ ಹಿಗಿನ್ಸ್‌ಗೆ ಶಹಬ್ಬಾಸ್ ಹೇಳುತ್ತಾರೆ. ಎಲೈಜಾ ಅದೇ ಕೋಣೆಯ ಮೂಲೆಯಲ್ಲಿ ಅರ್ಧ ಕತ್ತಲಲ್ಲಿ ನಿಂತಿದ್ದಾಳೆ. ಒಬ್ಬರೂ ಅವಳ ಕಡೆ ತಿರುಗಿ ನೋಡುವುದಿಲ್ಲ. ಎಲ್ಲರೂ ಮಲಗೋಕೆ ಹೋಗುತ್ತಾರೆ. ಹಿಗಿನ್ಸ್ ಚಪ್ಪಲಿ ಎಲ್ಲಿ ಅಂತ ಗೊಣಗಿಕೊಂಡು ವಾಪಸ್ ಬರುತ್ತಾನೆ. ಅವಳು ಆ ಚಪ್ಪಲಿಗಳನ್ನು ತೆಗೆದು ಅವನ ಮೇಲೆ ಬೀಸಿ ಎಸೆಯುತ್ತಾಳೆ. ಎರಡನ್ನೂ. ಅದೇ ಜಗಳದಲ್ಲಿ ಇಡೀ ಕಥೆಯ ಅತ್ಯಂತ ಖಾರದ ಮಾತು ಬರುತ್ತದೆ. ಮೊದಲು ನಾನು ಹೂವು ಮಾರುತ್ತಿದ್ದೆ, ನನ್ನನ್ನು ಮಾರಿಕೊಳ್ಳುತ್ತಿರಲಿಲ್ಲ. ಈಗ ನನ್ನನ್ನು ಲೇಡಿ ಮಾಡಿಟ್ಟಿದ್ದೀಯ, ಇನ್ನು ನನ್ನನ್ನು ಬಿಟ್ಟರೆ ಮಾರೋಕೆ ನನ್ನ ಹತ್ತಿರ ಬೇರೇನೂ ಉಳಿದಿಲ್ಲ ಅನ್ನುತ್ತಾಳೆ.

ಮೂಲ ನಾಟಕದ ಕೊನೆಯ ಅಂಕದಲ್ಲಿ ಹಿಗಿನ್ಸ್ ಇದೇ ಚಪ್ಪಲಿಯ ಮಾತನ್ನು ಎತ್ತುತ್ತಾನೆ. ಹೆಂಗಸೊಬ್ಬಳು ಗಂಡಸಿಗೆ ಚಪ್ಪಲಿ ತಂದುಕೊಡುವುದು ಅಸಹ್ಯ ಅನ್ನುತ್ತಾನೆ. ನಿನ್ನ ಚಪ್ಪಲಿ ನಾನು ಯಾವತ್ತಾದರೂ ತಂದುಕೊಟ್ಟಿದ್ದೀನಾ? ನೀನು ಅವನ್ನು ನನ್ನ ಮುಖಕ್ಕೆ ಎಸೆದಾಗ ನಿನ್ನ ಮೇಲೆ ನನಗೆ ಗೌರವ ಜಾಸ್ತಿ ಆಯಿತು ಅನ್ನುತ್ತಾನೆ.

ಅಂದರೆ ಅವರಿಬ್ಬರ ನಡುವೆ ಚಪ್ಪಲಿ ಅನ್ನುವುದಕ್ಕೆ ಎರಡು ಅರ್ಥ ಬೆಳೆದಿದೆ. ಒಂದು ಅವಳ ಚಾಕರಿ. ಇನ್ನೊಂದು ಅವಳ ಸಿಟ್ಟು, ಅವನು ಮೆಚ್ಚಿದ ಸಿಟ್ಟು. ಕೊನೆಯಲ್ಲಿ ಅವನು "ಚಪ್ಪಲಿ ಎಲ್ಲಿ?" ಅಂದಾಗ ಎರಡರಲ್ಲಿ ಯಾವುದನ್ನು ಕೇಳುತ್ತಿದ್ದಾನೆ? ತಂದುಕೊಡು ಅಂತಲೋ? ಮತ್ತೆ ಎಸೆ ಅಂತಲೋ? ಬಂದೆಯಲ್ಲ, ಸದ್ಯ ಅನ್ನುವುದಕ್ಕೆ ಬೇರೆ ಮಾತು ಬಾಯಿಗೆ ಬರದೆ ಹೀಗಂದನೋ? ಸಿನಿಮಾ ಇದನ್ನು ಬಿಡಿಸಿ ಹೇಳುವುದಿಲ್ಲ. ಅವಳು ಚಪ್ಪಲಿ ತಂದುಕೊಡುವುದನ್ನಂತೂ ತೋರಿಸುವುದಿಲ್ಲ. ಒಂದು ಮುಗುಳ್ನಗೆ, ಒಂದೆರಡು ಹೆಜ್ಜೆ, ಮುಗಿಯಿತು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಮೂಲ ನಾಟಕದಲ್ಲಿ ಹೀಗಿಲ್ಲ. ಹತ್ತಿರ ಹತ್ತಿರವೂ ಇಲ್ಲ.

ಶಾ ಅವರು 'ಪಿಗ್ಮೇಲಿಯನ್' ಬರೆದದ್ದು 1912ರಲ್ಲಿ. ಹೆಸರು ಬಂದದ್ದು ಹಳೆಯ ಗ್ರೀಕ್ ಕಥೆಯಿಂದ. ಶಿಲ್ಪಿಯೊಬ್ಬ ತಾನು ಕೆತ್ತಿದ ಬೊಂಬೆಯನ್ನೇ ಮೋಹಿಸುತ್ತಾನೆ. ದೇವತೆ ಅದಕ್ಕೆ ಜೀವ ಕೊಡುತ್ತಾಳೆ, ಇಬ್ಬರಿಗೂ ಮದುವೆ ಆಗುತ್ತದೆ. ಶಾ ಈ ಕಥೆಯನ್ನು ಬೇಕಂತಲೇ ತಲೆಕೆಳಗು ಮಾಡಿದರು. ಅವರ ನಾಟಕದಲ್ಲಿ ಬೊಂಬೆಗೆ ಜೀವ ಬಂದದ್ದಕ್ಕೆ ಗುರುತು ಅಂದರೆ ಅದು ಶಿಲ್ಪಿಯನ್ನು ಬಿಟ್ಟು ನಡೆದದ್ದು. ಕೊನೆಯಲ್ಲಿ ಹಿಗಿನ್ಸ್ ಮಾಮೂಲಿನಂತೆ ಎಲೈಜಾಗೆ ಕೆಲಸ ಹಚ್ಚುತ್ತಾನೆ. ಹ್ಯಾಮು ಮತ್ತು ಚೀಸಿಗೆ ಆರ್ಡರ್ ಕೊಡು, ಎಂಟನೇ ನಂಬರಿನ ಕೈಚೀಲ, ಹೊಸ ಸೂಟಿಗೆ ಹೊಂದುವ ಟೈ ತಗೊಂಡು ಬಾ ಅನ್ನುತ್ತಾನೆ. ನೀವೇ ತಗೊಳ್ಳಿ ಅಂತ ಹೇಳಿ ಎಲೈಜಾ ಹೊರಟುಹೋಗುತ್ತಾಳೆ. ಅವನು ಜೇಬಿನ ಚಿಲ್ಲರೆ ಝಣಝಣ ಅನ್ನಿಸುತ್ತಾ ತನ್ನಷ್ಟಕ್ಕೆ ನಗುತ್ತಾ ನಿಲ್ಲುತ್ತಾನೆ. ನಾಟಕ ಅಲ್ಲಿಗೆ ಮುಗಿಯಿತು. (ಕೈಚೀಲ ಅಂದರೆ ಕೈಗೆ ಹಾಕುವ ಗ್ಲೌಸು. ಬ್ಯಾಗು ಅಂದುಕೊಂಡರೆ ಹಿಗಿನ್ಸ್ ಪಾತ್ರವೇ ಬೇರೆ ಆಗಿಬಿಡುತ್ತದೆ.)

ಲಂಡನ್ನಿನಲ್ಲಿ ಈ ನಾಟಕ ಮೊದಲ ಸಲ ಆಡಿದ್ದು 1914ರ ಏಪ್ರಿಲ್‌ನಲ್ಲಿ, ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ. ಎಲೈಜಾ ಪಾತ್ರಕ್ಕೆ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್, ಹಿಗಿನ್ಸ್ ಪಾತ್ರಕ್ಕೆ ಸರ್ ಹರ್ಬರ್ಟ್ ಬೀರ್‌ಬೋಮ್ ಟ್ರೀ. ಪ್ರ್ಯಾಕ್ಟೀಸು ಮಾಡಿಸಿದ್ದು ಶಾ ಅವರೇ. ಅವರು ಕಣ್ಣು ಆ ಕಡೆ ತಿರುಗಿಸಿದ್ದೇ ತಡ, ಟ್ರೀ ಒಂದು ಉಪಾಯ ಹೂಡಿದರು. ಕೊನೆಯ ಮಾತು ಮುಗಿದು ಪರದೆ ಬೀಳುವುದಕ್ಕೆ ಮುಂಚೆ ಇರುವ ಚೂರು ಸಮಯದಲ್ಲಿ ಎಲೈಜಾ ಕಡೆಗೆ ಹೂಗುಚ್ಛ ಎಸೆಯೋಕೆ ಶುರು ಮಾಡಿದರು. ಒಂದು ಮಾತೂ ಬದಲಾಗಲಿಲ್ಲ. ಬರೀ ಹೂವು. ಅಷ್ಟರಲ್ಲೇ ನಾಟಕ ಪ್ರೇಮಕಥೆ ಆಗಿಹೋಯಿತು. ಜನಕ್ಕೆ ಖುಷಿಯೋ ಖುಷಿ. ಶಾ ಕೆಂಡವಾದರು. ನನ್ನ ಕೊನೆಯಿಂದ ದುಡ್ಡು ಬರುತ್ತಿದೆ, ನೀವು ನನಗೆ ಥ್ಯಾಂಕ್ಸ್ ಹೇಳಬೇಕು ಅಂತ ಟ್ರೀ ಅಂದರಂತೆ. ನಿಮ್ಮ ಕೊನೆ ಹಾಳು ಕೊನೆ, ನಿಮ್ಮನ್ನು ಗುಂಡಿಟ್ಟು ಕೊಲ್ಲಬೇಕು ಅಂತ ಶಾ ತಿರುಗಿ ಹೇಳಿದರಂತೆ.

ಶಾ ಅಷ್ಟಕ್ಕೇ ಬಿಡಲಿಲ್ಲ. 1916ರಲ್ಲಿ ನಾಟಕ ಪುಸ್ತಕವಾಗಿ ಬಂದಾಗ ಹಿಂದೆ ಉದ್ದದ ಗದ್ಯ ಸೇರಿಸಿದರು. ಆಮೇಲೆ ಏನಾಯಿತು ಅಂತ ಬರೆದರು. ಎಲೈಜಾ ಮದುವೆ ಆದದ್ದು ಅವಳನ್ನು ಮೆಚ್ಚಿ ಹಿಂದೆ ಬಿದ್ದಿದ್ದ ಹುಡುಗ ಫ್ರೆಡ್ಡಿಯನ್ನು, ಹಿಗಿನ್ಸನ್ನಲ್ಲ ಅಂತ ಕಾರಣ ಕೊಟ್ಟು ವಾದ ಮಾಡಿದರು. ರಮ್ಯ ಕಥೆಯಲ್ಲಿ ನಾಯಕಿ ಅಂತ ಇದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಅವಳು ನಾಯಕನನ್ನೇ ಮದುವೆ ಆಗಬೇಕು ಅಂತ ಜನ ಯಾಕೆ ಅಂದುಕೊಳ್ಳುತ್ತಾರೆ ಅನ್ನುವುದು ಅವರ ತಕರಾರು. ನಾಟಕಕಾರ ತನ್ನ ಪಾತ್ರದ ಮದುವೆಯ ಬಗ್ಗೆ ಇಷ್ಟು ಹಟ ಹಿಡಿದದ್ದು ನೋಡಿದರೆ ನಗು ಬರುತ್ತದೆ. ಒಂದು ಕಡೆ ಅನ್ನಿಸುತ್ತದೆ, ಇಷ್ಟೊಂದು ವಿವರಣೆ ಕೊಡಬೇಕಾಯಿತು ಅಂದರೆ ನಾಟಕದ ಒಳಗೇ ಆ ಎಳೆತ ಇತ್ತು ಅಂತ ಅಲ್ವಾ? ಶಾ ಒಪ್ಪುತ್ತಿರಲಿಲ್ಲ ಬಿಡಿ.

1938ರಲ್ಲಿ ಗೇಬ್ರಿಯಲ್ ಪ್ಯಾಸ್ಕಲ್ ಅನ್ನುವ ನಿರ್ಮಾಪಕ ಇದನ್ನು ಸಿನಿಮಾ ಮಾಡಿದರು. ಹಾಡಿಲ್ಲದ ಕಪ್ಪು ಬಿಳುಪಿನ ಸಿನಿಮಾ. ಹಿಗಿನ್ಸ್ ಆಗಿ ಲೆಸ್ಲಿ ಹೊವಾರ್ಡ್, ಎಲೈಜಾ ಆಗಿ ವೆಂಡಿ ಹಿಲ್ಲರ್. ಶಾ ಚಿತ್ರಕಥೆ ಬರೆದುಕೊಟ್ಟರು. ಕೊನೆಯಲ್ಲಿ ಎಲೈಜಾ ಮತ್ತು ಫ್ರೆಡ್ಡಿ ಹೂವಿನ ಅಂಗಡಿಯಲ್ಲಿರುವ ದೃಶ್ಯ ಇಟ್ಟಿದ್ದರು. ತೆರೆಯ ಮೇಲೆ ಬಂದದ್ದು ಬೇರೆ. ಖಾಲಿ ಕೋಣೆ, ಯಂತ್ರದಲ್ಲಿ ಅವಳ ದನಿ, ಅವಳು ಬಂದು ಮುಖ ಕೈ ತೊಳೆದ ಮಾತು ಹೇಳುವುದು, ಅವನು ಬೆನ್ನು ತಿರುಗಿಸಿಕೊಂಡೇ ಚಪ್ಪಲಿ ಕೇಳುವುದು. ನೀವು ನೋಡಿದ ಕೊನೆ ಹುಟ್ಟಿದ್ದು ಇಲ್ಲಿ. ಶಾ ಅವರಿಗೆ ಇದು ಗೊತ್ತಾಗುವಷ್ಟರಲ್ಲಿ ಸಿನಿಮಾ ತಯಾರಾಗಿಹೋಗಿತ್ತು. ತಮಾಷೆ ಅಂದರೆ ಅದೇ ಚಿತ್ರಕಥೆಗೆ ಅವರಿಗೆ ಆಸ್ಕರ್ ಬಂತು.

ತಮ್ಮ ನಾಟಕವನ್ನು ಹಾಡಿನ ನಾಟಕ ಮಾಡೋಕೆ ಶಾ ಬದುಕಿರುವವರೆಗೂ ಬಿಡಲಿಲ್ಲ. ಹಿಂದೆ ಅವರ ಇನ್ನೊಂದು ನಾಟಕವನ್ನು ಯಾರೋ ಆಪರೆಟ್ಟಾ ಅನ್ನುವ ಹಾಡಿನ ನಾಟಕ ಮಾಡಿದ್ದರು, ಆ ಕಹಿ ಹೋಗಿರಲಿಲ್ಲ. 1950ರಲ್ಲಿ ಅವರು ತೀರಿಕೊಂಡರು. ಆಮೇಲೆ ಬರಹಗಾರ ಅಲನ್ ಜೇ ಲರ್ನರ್ ಮತ್ತು ಸಂಗೀತಗಾರ ಫ್ರೆಡ್ರಿಕ್ ಲೋವ್ ಕೈ ಹಾಕಿದರು. ಒಮ್ಮೆ ಸಾಧ್ಯವಿಲ್ಲ ಅಂತ ಬಿಟ್ಟು, ಎರಡು ವರ್ಷದ ಮೇಲೆ ಮತ್ತೆ ಹಿಡಿದರು. 1956ರ ಮಾರ್ಚ್ 15ರಂದು ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಶುರುವಾದ ಅವರ 'ಮೈ ಫೇರ್ ಲೇಡಿ' ನಾಟಕ 2,717 ಪ್ರದರ್ಶನ ಕಂಡಿತು. ಕೊನೆಯನ್ನು ಅವರು ತೆಗೆದುಕೊಂಡದ್ದು ಶಾ ಪುಸ್ತಕದಿಂದ ಅಲ್ಲ, 1938ರ ಸಿನಿಮಾದಿಂದ. ಲರ್ನರ್ ಅದನ್ನು ಮುಚ್ಚಿಡಲಿಲ್ಲ. ಅಚ್ಚಾದ ಪುಸ್ತಕದ ಮುನ್ನುಡಿಯಲ್ಲಿ, ಎಲೈಜಾ ಫ್ರೆಡ್ಡಿಯನ್ನು ಸೇರುತ್ತಾಳೆ ಅನ್ನುವ ಶಾ ಅವರ ಬಾಲಂಗೋಚಿಯನ್ನು ಕೈಬಿಟ್ಟಿದ್ದೇನೆ, ಯಾಕಂದರೆ ಶಾ ಮತ್ತು ದೇವರು ಇಬ್ಬರೂ ನನ್ನನ್ನು ಕ್ಷಮಿಸಲಿ, ಅವರು ಹೇಳಿದ್ದು ಸರಿ ಅಂತ ನನಗೆ ಖಾತ್ರಿ ಇಲ್ಲ ಅಂತ ಬರೆದರು.

ಅದೇ ಲರ್ನರ್ ಕೊನೆಯ ಸೀನಿಗೆ ಬರೆದ ರಂಗಸೂಚನೆ ನೋಡಿ. ಹಿಗಿನ್ಸ್‌ಗೆ ತನ್ನನ್ನು ತಾನು ಸ್ವಲ್ಪ ಸಡಿಲ ಬಿಡೋಕೆ ಬಂದಿದ್ದರೆ ಎದ್ದು ಅವಳ ಹತ್ತಿರ ಓಡುತ್ತಿದ್ದ ಅಂತ ಇದೆ. ಓಡುವುದಿಲ್ಲ. ಬದಲಿಗೆ ಕುರ್ಚಿಗೆ ಒರಗಿ ಟೋಪಿಯನ್ನು ಮುಖ ಮುಚ್ಚುವಷ್ಟು ಕೆಳಗೆ ಎಳೆದುಕೊಳ್ಳುತ್ತಾನೆ. ಆಮೇಲೆ ಮೆತ್ತಗೆ ಚಪ್ಪಲಿ ಕೇಳುತ್ತಾನೆ. ಎಲೈಜಾಳ ಕಣ್ಣಲ್ಲಿ ನೀರಿದೆ, ಅವಳಿಗೆ ಅರ್ಥವಾಗುತ್ತದೆ ಅಂತ ಬರೆದಿದ್ದಾರೆ. 1964ರ ಸಿನಿಮಾದಲ್ಲಿ ನಿರ್ದೇಶಕ ಜಾರ್ಜ್ ಕ್ಯೂಕರ್ ಹೆಚ್ಚುಕಡಿಮೆ ಇದನ್ನೇ ಚಿತ್ರಿಸಿದ್ದಾರೆ. ಟೋಪಿ ಎಳೆದುಕೊಳ್ಳುವುದು ಠೀವಿಯ ಹಾಗೆ ಕಾಣುತ್ತದೆ. ಅಸಲಿಗೆ ಅವನು ಮುಖ ಮುಚ್ಚಿಕೊಳ್ಳುತ್ತಿದ್ದಾನೆ. ಅಷ್ಟು ಹೊತ್ತು ಮಾತು, ಮಾತು, ಮಾತು ಅಂತ ಇದ್ದ ಮನುಷ್ಯನಿಗೆ ಆ ಹೊತ್ತಿಗೆ ತೋರಿಸೋಕೆ ಮುಖ ಇಲ್ಲ.

ಮುಖ ಯಾಕೆ ಇಲ್ಲ ಅಂತ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಹಾಡು ಕೇಳಬೇಕು. ಹಿಗಿನ್ಸ್ ಪಾತ್ರ ಮಾಡಿದ ರೆಕ್ಸ್ ಹ್ಯಾರಿಸನ್ ಹಾಡುಗಾರ ಅಲ್ಲ. ರಾಗಕ್ಕೆ ಅಂಟಿಕೊಂಡು ಮಾತಾಡುತ್ತಾರೆ ಅಷ್ಟೇ. ಒಂದು ಹಾಡನ್ನು ಎರಡು ಸಲ ಒಂದೇ ಥರ ಹೇಳುವವರೂ ಅಲ್ಲ. ಅದಕ್ಕೇ ಮುಂಚೆ ರೆಕಾರ್ಡ್ ಮಾಡಿ ತುಟಿ ಆಡಿಸುವ ಪದ್ಧತಿ ಅವರಿಗೆ ಒಗ್ಗಲಿಲ್ಲ. ಅವರ ಟೈ ಒಳಗೆ ಪುಟ್ಟ ವೈರ್‌ಲೆಸ್ ಮೈಕು ಅಡಗಿಸಿ, ಸೆಟ್ಟಿನಲ್ಲೇ ಲೈವ್ ಆಗಿ ರೆಕಾರ್ಡ್ ಮಾಡಿದರು. ಆಗಿನ ಕಾಲಕ್ಕೆ ಅದು ಹೊಸತು. ಅದರ ಲಾಭ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಈ ಹಾಡಿಗೆ. ಮನೆ ಕಡೆ ನಡೆಯುತ್ತಾ ಹಿಗಿನ್ಸ್ ತನ್ನೊಳಗೇ ಜಗಳ ಆಡುತ್ತಾನೆ. ಮೊದಲು ಶಾಪ ಹಾಕುತ್ತಾನೆ. ಆಮೇಲೆ ಅವಳ ಮುಖ ಅಭ್ಯಾಸ ಆಗಿಬಿಟ್ಟಿದೆ ಅನ್ನುತ್ತಾನೆ. ತಕ್ಷಣ ಫ್ರೆಡ್ಡಿ ನೆನಪಾಗುತ್ತಾನೆ. ಅವಳು ಅವನನ್ನು ಕಟ್ಟಿಕೊಂಡು ಹಾಳಾಗಿ, ಬಡವಿಯಾಗಿ ತನ್ನ ಬಾಗಿಲಿಗೆ ಬಂದು ನಿಲ್ಲುವುದನ್ನು ಕಲ್ಪಿಸಿಕೊಂಡು ಖುಷಿಪಡುತ್ತಾನೆ. ಮತ್ತೆ ದನಿ ಇಳಿಯುತ್ತದೆ. ಮತ್ತೆ ಆ ಮುಖ.

"ಅಭ್ಯಾಸ" ಅನ್ನುವ ಪದ ಗಮನಿಸಿ. ಪ್ರೀತಿ ಅಂತ ಅವನ ಬಾಯಲ್ಲಿ ಬರುವುದೇ ಇಲ್ಲ. ಇಡೀ ಸಿನಿಮಾದಲ್ಲಿ ಅವರಿಬ್ಬರ ನಡುವೆ ಒಂದು ಮುತ್ತೂ ಇಲ್ಲ. ಜಗತ್ತಿನ ಪ್ರಸಿದ್ಧ ಪ್ರೇಮದ ಸಂಗೀತ ಸಿನಿಮಾಗಳಲ್ಲಿ ಇದೂ ಒಂದು ಅನ್ನುತ್ತೇವೆ. ಆದರೆ ನಾಯಕ ಒಪ್ಪಿಕೊಂಡದ್ದು ಇಷ್ಟೇ: ಅವಳಿಲ್ಲದೆ ಮನೆ ಬಿಕೋ ಅನ್ನುತ್ತದೆ. ಭಾಷೆಯ ಪ್ರೊಫೆಸರಿಗೆ ಅಷ್ಟಕ್ಕಿಂತ ಮುಂದಿನ ಪದ ಸಿಗಲಿಲ್ಲ. ನನಗೆ ಈ ಪಾತ್ರದಲ್ಲಿ ಅತ್ಯಂತ ನಿಜ ಅನ್ನಿಸುವುದು ಇದೇ.

ಹಾಗಾದರೆ ಎಲೈಜಾ ಯಾಕೆ ಬಂದಳು? ಅವನಿಗೆ ಅಭ್ಯಾಸ ಆಯಿತು, ಸರಿ. ಅವಳಿಗೆ ಏನಾಯಿತು?

ಇಲ್ಲಿ ಸಿನಿಮಾ ಒಂದು ಕೆಲಸ ಮಾಡಿದೆ. ಅವಳು ಮನೆ ಬಿಟ್ಟು ಹೊರಟ ಮೇಲೆ ಒಂದೊಂದೇ ಬಾಗಿಲು ತಟ್ಟಿಸಿ ನೋಡಿದೆ. ಮೊದಲು ಫ್ರೆಡ್ಡಿ. ಮನೆ ಎದುರು ಬೀದಿಯಲ್ಲೇ ನಿಂತಿದ್ದಾನೆ. ಮಾತು ಶುರು ಮಾಡುತ್ತಾನೆ, ಅವಳಿಗೆ ಮಾತು ಕೇಳಿ ಕೇಳಿ ಸಾಕಾಗಿದೆ, ಹಾಡಿನಲ್ಲೇ ಬೈದು ಮುಂದೆ ಹೋಗುತ್ತಾಳೆ. ಆಮೇಲೆ ಕೋವೆಂಟ್ ಗಾರ್ಡನ್. ನಸುಕಿನಲ್ಲಿ ಹೂವು ತರಕಾರಿ ಇಳಿಯುತ್ತಿದೆ. ಬೆಂಕಿ ಕಾಯಿಸಿಕೊಳ್ಳುತ್ತಿರುವವರು ಅವಳ ಹಳೆಯ ಸ್ನೇಹಿತರು. ಅವಳು ಹತ್ತಿರ ಹೋಗುತ್ತಾಳೆ. ಅವರು ಯಾರೋ ದೊಡ್ಡಮನೆ ಹೆಂಗಸು ಅಂದುಕೊಂಡು ಮರ್ಯಾದೆಯಿಂದ ಸರಿದು ನಿಲ್ಲುತ್ತಾರೆ. ಗುರುತೇ ಹಿಡಿಯುವುದಿಲ್ಲ. ಈ ಸಿನಿಮಾದಲ್ಲಿ ನನಗೆ ಗಂಟಲು ಕಟ್ಟುವುದು ಕೊನೆಯ ಸೀನಿಗಲ್ಲ, ಇದಕ್ಕೆ. ಅಲ್ಲೇ ಅಪ್ಪ ಡೂಲಿಟಲ್ ಸಿಗುತ್ತಾನೆ. ಅವನಿಗೀಗ ದುಡ್ಡು ಬಂದಿದೆ, ಮದುವೆ ಆಗುತ್ತಿದ್ದಾನೆ. ಮಗಳು ಬಂದು ತಂಗುವುದು ಅವನಿಗೆ ಬೇಕಿಲ್ಲ. ಕೊನೆಗೆ ಅವಳನ್ನು ಕೂರಿಸಿ ಟೀ ಕೊಟ್ಟದ್ದು ಹಿಗಿನ್ಸ್‌ನ ತಾಯಿ. ಆ ಮನೆಯಲ್ಲೇ ಎಲೈಜಾ, ನೀನಿಲ್ಲದೆಯೂ ಸೂರ್ಯ ಹುಟ್ಟುತ್ತಾನೆ ಅನ್ನುವ ಅರ್ಥದ ಹಾಡು ಹೇಳುವುದು.

ಅದಕ್ಕೆ ಹಿಗಿನ್ಸ್ ಏನಂದ ನೆನಪಿದೆಯಾ? ನಿನ್ನನ್ನು ಹೆಂಗಸು ಮಾಡುತ್ತೇನೆ ಅಂದಿದ್ದೆ, ಮಾಡಿಬಿಟ್ಟೆ ಅಂತ ಕುಣಿಯುತ್ತಾನೆ. ಅವಳು ತಿರುಗಿಬಿದ್ದದ್ದನ್ನೂ ತನ್ನ ಖಾತೆಗೇ ಜಮಾ ಮಾಡಿಕೊಳ್ಳುತ್ತಾನೆ! ಇನ್ನು ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಅಂತ ಹೇಳಿ ಅವಳು ಹೋಗುತ್ತಾಳೆ. ಅಷ್ಟು ದೊಡ್ಡ ಗಂಡಸು ಅಮ್ಮಾ ಅಮ್ಮಾ ಅಂತ ಕೂಗುತ್ತಾನೆ. ಅಮ್ಮ ಎಲೈಜಾಗೆ ಭೇಷ್ ಅನ್ನುತ್ತಾಳೆ.

ಇಷ್ಟೆಲ್ಲ ಆದ ಮೇಲೆ ಅವಳು ವಾಪಸ್ ಬರುವುದರಲ್ಲಿ ಪ್ರೀತಿ ಎಷ್ಟು, ಬೇರೆ ದಾರಿ ಇಲ್ಲದ್ದು ಎಷ್ಟು ಅಂತ ತೂಗಿ ನೋಡುವುದು ಕಷ್ಟ. ಕಥೆ ನಡೆಯುವ ಕಾಲದ ಲಂಡನ್ನಿನಲ್ಲಿ ಹೆಂಗಸರಿಗೆ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕೂ ಇರಲಿಲ್ಲ. ಅದು ಸ್ವಲ್ಪ ಜನಕ್ಕೆ ಸಿಕ್ಕಿದ್ದು 1918ರಲ್ಲಿ, ಗಂಡಸರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ. ಕೈಯಲ್ಲಿ ಕಾಸಿಲ್ಲ, ಭಾಷೆ ಮಾತ್ರ ಇದೆ. ಇಂಥ ಹುಡುಗಿಗೆ ಎಷ್ಟು ಬಾಗಿಲು ತೆರೆದಿರುತ್ತಿತ್ತು?

ಆದರೂ ಅವಳು ಸೋತು ಬಂದಳು ಅಂತ ನನಗೆ ಅನ್ನಿಸುವುದಿಲ್ಲ. ಸೋತು ಬಂದವಳು ಯಂತ್ರ ಆರಿಸುವುದಿಲ್ಲ. ಹಳೆಯ ಭಾಷೆಯಲ್ಲಿ ತಮಾಷೆ ಮಾಡುವುದಿಲ್ಲ. ಅವಳ ಆ ಮಾತಿನಲ್ಲಿ ನಗು ಇದೆ, ಸ್ವಲ್ಪ ಕೆಣಕು ಇದೆ. ಕನ್ನಡದಲ್ಲಾದರೆ ಅಲ್ಲಿ ಅವಳು ಅವನಿಗೆ "ನೀವು" ಅನ್ನಬೇಕಾ "ನೀನು" ಅನ್ನಬೇಕಾ ಅಂತ ಅನುವಾದ ಮಾಡುವವರು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ನಾನಾಗಿದ್ದರೆ ಅಲ್ಲಿಯವರೆಗೂ "ನೀವು" ಅನ್ನಿಸಿ, ಇನ್ನು ಮೇಲೆ "ನೀನು" ಅನ್ನಿಸುತ್ತಿದ್ದೆ. ಇನ್ನೊಂದು ಸಣ್ಣ ಸಂಗತಿ. ಎಲೈಜಾ ಪಾತ್ರ ಮಾಡಿದ ಆಡ್ರಿ ಹೆಪ್‌ಬರ್ನ್ ಅವರ ಹಾಡುಗಳಲ್ಲಿ ಹೆಚ್ಚಿನವಕ್ಕೆ ದನಿ ಕೊಟ್ಟದ್ದು ಮಾರ್ನಿ ನಿಕ್ಸನ್. ಆದರೆ ಈ ಕೊನೆಯ ಮಾತು ಹೆಪ್‌ಬರ್ನ್ ಅವರದೇ ದನಿ.

ಹಾಗಂತ ನಿಮ್ಮ ಮಗಳು ಹೇಳಿದ್ದು ತಪ್ಪು ಅನ್ನುವುದಿಲ್ಲ. ಸಿನಿಮಾ ಅವಳಿಗೆ ಒಂದು ಬಾಕಿ ಉಳಿಸಿಕೊಂಡಿದೆ. ಎಲೈಜಾ ಬಂದಳು. ಬಾಗಿಲು ದಾಟಿದಳು. ಮೊದಲು ಮಾತಾಡಿದಳು. ಹಿಗಿನ್ಸ್ ಏನು ಮಾಡಿದ? ಕುರ್ಚಿಯಿಂದ ಏಳಲಿಲ್ಲ. ಒಂದು ಹೆಜ್ಜೆ ಸಾಕಿತ್ತು. ಎದ್ದು ನಿಂತು, ತನ್ನ ಚಪ್ಪಲಿ ತಾನೇ ಹುಡುಕುತ್ತಾ ಅದೇ ಮಾತು ಹೇಳಿದ್ದರೂ ಸಾಕಿತ್ತು. ಪೂರ್ತಿ ಬೇರೆ ಅರ್ಥ ಬರುತ್ತಿತ್ತು. ಬರಹದಲ್ಲಿ ಅವನ ಸೋಲು ಇದೆ. ಆದರೆ ತೆರೆಯ ಮೇಲೆ ಕಾಣುವುದು ಕಾಲು ಚಾಚಿ ಆರಾಮಾಗಿ ಒರಗಿದ ಗಂಡಸು, ದೂರದಲ್ಲಿ ನಿಂತ ಹೆಂಗಸು. ಜನ ನೋಡುವುದು ಕಾಣುವುದನ್ನು. ಜೊತೆಗೆ ಸಿನಿಮಾ ತಯಾರಾಗುವ ಹೊತ್ತಿಗೆ ಹ್ಯಾರಿಸನ್‌ಗೆ 55, ಹೆಪ್‌ಬರ್ನ್‌ಗೆ 34. ಆ ಅಂತರವೂ ಕಣ್ಣಿಗೆ ಹೊಡೆಯುತ್ತದೆ.

ಇದೇ ಬಾಕಿ ತೀರಿಸೋಕೆ ಆಮೇಲೆ ರಂಗದಲ್ಲಿ ಬೇರೆ ಬೇರೆ ಪ್ರಯತ್ನ ನಡೆದಿದೆ. 2018ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಬಾರ್ಟ್ಲೆಟ್ ಶೆರ್ ಇದೇ ನಾಟಕ ಮಾಡಿಸಿದರು. ಎಲೈಜಾ ಆಗಿದ್ದವರು ಲಾರೆನ್ ಆಂಬ್ರೋಸ್. ಅಲ್ಲೂ ಅವಳು ವಾಪಸ್ ಬರುತ್ತಾಳೆ. ಅವನು ಚಪ್ಪಲಿಯ ಮಾತನ್ನೂ ಹೇಳುತ್ತಾನೆ. ಅವಳು ಅವನ ಕೆನ್ನೆ ಮುಟ್ಟುತ್ತಾಳೆ, ಆಮೇಲೆ ರಂಗದಿಂದ ಇಳಿದು ಪ್ರೇಕ್ಷಕರ ನಡುವೆ ನಡೆದು ಹೊರಟುಹೋಗುತ್ತಾಳೆ. ಟ್ರೀ ಒಂದು ಹೂಗುಚ್ಛದಿಂದ ಮಾಡಿದ್ದನ್ನು ಶೆರ್ ನಾಲ್ಕು ಹೆಜ್ಜೆಯಿಂದ ಅಳಿಸಿದರು. ಈ ಕಥೆಯ ಕೊನೆ ಎಷ್ಟು ನಾಜೂಕು ಅಂದರೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದರ ಮೇಲೇ ಎಲ್ಲ ನಿಂತಿದೆ.

ಮದುವೆಯ ವಿಷಯ. ಸಿನಿಮಾ ಅದನ್ನು ಹೇಳುವುದೇ ಇಲ್ಲ, ಆದ್ದರಿಂದ ನೀವು ಅಂದುಕೊಳ್ಳಲೇಬೇಕು ಅಂತಿಲ್ಲ. ಬರೆದವರನ್ನೇ ಕೇಳುವುದಾದರೆ ಶಾ ಅವರ ಆ ಬಾಲಂಗೋಚಿಯನ್ನು ಓದಿ. ಅದರಲ್ಲಿ ಎಲೈಜಾ ಫ್ರೆಡ್ಡಿಯನ್ನು ಮದುವೆ ಆಗುತ್ತಾಳೆ. ಕರ್ನಲ್ ಪಿಕರಿಂಗ್ ಮದುವೆಗೆ 500 ಪೌಂಡ್ ಉಡುಗೊರೆ ಕೊಡುತ್ತಾನೆ. ಇಬ್ಬರೂ ಸೇರಿ ಹೂವಿನ ಅಂಗಡಿ ಇಡುತ್ತಾರೆ. ಮೊದಲಿಗೆ ವ್ಯಾಪಾರ ನೆಲಕಚ್ಚುತ್ತದೆ. ಲೆಕ್ಕ ಬರೆಯೋಕೆ ಇಬ್ಬರಿಗೂ ಬರುವುದಿಲ್ಲ, ಕ್ಲಾಸಿಗೆ ಸೇರುತ್ತಾರೆ. ಎಲೈಜಾ ಅಕ್ಷರ ತಿದ್ದಿಸಿಕೊಳ್ಳೋಕೆ ಮತ್ತೆ ಹಿಗಿನ್ಸ್ ಹತ್ತಿರವೇ ಹೋಗುತ್ತಾಳೆ. ಕೊನೆಗೆ ಅಂಗಡಿಯಲ್ಲಿ ಆಸ್ಪರಾಗಸ್ ಸೊಪ್ಪಿನ ದಂಟು ಮಾರೋಕೆ ಶುರು ಮಾಡಿ, ಅದರ ಹಿಂದೆ ಬೇರೆ ತರಕಾರಿಯೂ ಬಂದು ಗಿಟ್ಟಿಸಿಕೊಳ್ಳುತ್ತಾರೆ.

ನನಗೆ ತುಂಬ ಇಷ್ಟವಾದದ್ದು ಅದರ ಕೊನೆಯ ಕಡೆ ಬರುವ ಒಂದು ವಿವರ. ಅಂಗಡಿ, ಸಂಸಾರ ಎಲ್ಲ ಇದ್ದರೂ ವಿಂಪೋಲ್ ಸ್ಟ್ರೀಟಿನ ಮನೆಯ ಉಸ್ತುವಾರಿಯಲ್ಲಿ ಎಲೈಜಾ ಕೈ ಆಡಿಸುತ್ತಲೇ ಇದ್ದಳು ಅಂತ ಶಾ ಬರೆಯುತ್ತಾರೆ. ಗಂಡನಿಗೆ ಒಂದು ದಿನವೂ ಕಿರಿಕಿರಿ ಮಾಡಿದವಳಲ್ಲ. ಹಿಗಿನ್ಸ್ ಮೇಲೆ ಮಾತ್ರ ಸಣ್ಣ ನೆಪ ಸಿಕ್ಕರೂ ಹರಿಹಾಯುತ್ತಿದ್ದಳಂತೆ. ಅಂದರೆ ಟ್ರೀ ಜೊತೆ ಜಗಳ ಆಡಿ, ಪುಟಗಟ್ಟಲೆ ವಾದ ಬರೆದ ಶಾ ಅವರಿಗೂ ಅವಳು ಆ ಮನೆಗೆ ಹೋಗಿಬರುವುದನ್ನು ತಪ್ಪಿಸೋಕೆ ಆಗಲಿಲ್ಲ.